ಬಂದ ವೇಳೆ, ಹೊರಟ ವೇಳೆ: ಹುಣಸೂರು ಸೀಮೆಯಲ್ಲಿ ಅಂಚೆ ಕಾಯುವ ಕಾಯಕದ ಚರಿತ್ರೆ

ಪತ್ರ ಸಾಗಿಸುವ ವ್ಯವಸ್ಥೆ ಯಾವ ನಾಡಿನಲ್ಲಿ ನೆಲೆಗೊಂಡರೂ, ಅದು ನೆಟ್ಟಗೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಇನ್ನೊಂದು ಕಾಯಕ ಅದರ ಬೆನ್ನಿಗೇ ಹುಟ್ಟಿಕೊಳ್ಳುತ್ತದೆ. ಚೀಲ ಹೊತ್ತು ಓಡಿದವನ ಬಗ್ಗೆ ಕತೆ, ಹಾಡು, ಚಿತ್ರಗಳು ಬೇಕಾದಷ್ಟಿವೆ. ಆದರೆ ಅವನು ಎಷ್ಟು ಹೊತ್ತಿಗೆ ಬಂದ, ಚೀಲದ ಮೊಹರು ಒಡೆದಿತ್ತೇ, ತಡವಾಗಿದ್ದರೆ ಅದು ದಾರಿಯಲ್ಲಿ ಚೀಲ ಕೈಬದಲಾಗುವ ಯಾವ ಕಟ್ಟೆಯಲ್ಲಿ ಆಯಿತು ಎಂದು ಬರೆದಿಟ್ಟವನನ್ನು ಯಾರೂ ಹಾಡಿ ಹೊಗಳಲಿಲ್ಲ. ಇಂದು ಕಂಪನಿಗಳಲ್ಲಿ ಇಮೇಲ್ ಸರ್ವರ್‌ನ ಆರೋಗ್ಯ ತಪಾಸಣೆ ಎಂದು ಕರೆಯಲಾಗುವ ಕೆಲಸ, ಅಂದರೆ ಸಂಸ್ಥೆಯೊಂದರ ಪತ್ರಗಳನ್ನೆಲ್ಲ ಪಡೆದು, ವಿಂಗಡಿಸಿ, ಮುಂದಕ್ಕೆ ಕಳುಹಿಸುತ್ತ ಹಗಲಿರುಳು ಚಾಲೂ ಇರುವ ಗಣಕಯಂತ್ರವನ್ನು ಕಾಯುವ ಕೆಲಸ, ಈ ಹೆಸರಿಲ್ಲದ ಬರಹಗಾರನ ಕಾಯಕದ ಮುಂದುವರಿಕೆಯೇ ಆಗಿದೆ. ಅದರ ಚರಿತ್ರೆಯನ್ನು ರಾಜಧಾನಿಯಲ್ಲಿ ನಿಂತು ನೋಡುವುದಕ್ಕಿಂತ ದಾರಿಯ ತುದಿಯಲ್ಲಿ ನಿಂತು ನೋಡುವುದು ಮೇಲು. ಏಕೆಂದರೆ ಕೊಂಡಿ ಕಳಚಿದರೆ ಮೊದಲು ಗೊತ್ತಾಗುವುದು ತುದಿಯಲ್ಲಿ. ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳು, ಎಂದರೆ ಕೊಡಗಿನ ಹೆದ್ದಾರಿಯ ಮೇಲಿರುವ ಹುಣಸೂರು ಮತ್ತು ಪಿರಿಯಾಪಟ್ಟಣ, ಕಾವೇರಿಯ ದಡದ ಕೃಷ್ಣರಾಜನಗರ, ಕಬಿನಿಯಾಚೆಯ ಕಾಡಿಗೆ ಮೈತಾಗಿರುವ ಹೆಗ್ಗಡದೇವನಕೋಟೆ, ಅಂಥ ತುದಿಗಳು.

ಕನ್ನಡದಲ್ಲಿ ಅಂಚೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹಂಸಪಕ್ಷಿಯನ್ನು ಹಳಗನ್ನಡದ ಕವಿಗಳು ಅಂಚೆ ಎಂದು ಕರೆದರು. ಸರದಿಯಾಳುಗಳ ಮೂಲಕ ಪತ್ರ ಸಾಗಿಸುವ ಏರ್ಪಾಟಿಗೂ ಅದೇ ಹೆಸರು ನಿಂತಿತು. ಹಂಸದ ಮೂಲಕ ಸಂದೇಶ ಕಳುಹಿಸುವ ಕಾವ್ಯಪರಂಪರೆಯನ್ನು ನೆನೆದು ಇವೆರಡನ್ನೂ ಒಂದೇ ಎಂದು ಹೇಳುವ ಆಸೆ ಸಹಜವಾದರೂ, ತಮಿಳಿನ ಅಂಜಲ್ ಎಂಬ ಪದವನ್ನೂ, ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಅಂಚಲ್ ಎಂಬ ಇಲಾಖೆಯ ಹೆಸರನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಇದು ದಕ್ಷಿಣದ ಭಾಷೆಗಳಲ್ಲಿ ಹಂಚಿಹೋಗಿರುವ ವ್ಯವಹಾರದ ಮಾತೆಂದು ತಿಳಿಯುವುದೇ ಹೆಚ್ಚು ಸಮಂಜಸ. ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಅಂಚೆಯನ್ನು ನೆಲೆಗೊಳಿಸಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಎಂಬುದು ಇತಿಹಾಸಕಾರರು ಒಪ್ಪಿರುವ ಮಾತು. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಚರಿತ್ರೆಯನ್ನು ಬರೆಯುವಾಗ ಈ ಅಂಚೆಯ ಒಂದು ಗುಣವನ್ನು ವಿಶೇಷವಾಗಿ ಗುರುತಿಸಿದ: ಇಲ್ಲಿ ಅಂಚೆಯ ಅಧಿಕಾರಿಗಳು ಪತ್ರ ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಸೀಮೆಯಲ್ಲಿ ನಡೆದದ್ದನ್ನೆಲ್ಲ ಅರಮನೆಗೆ ಗುಟ್ಟಾಗಿ ವರದಿ ಮಾಡುವವರೂ ಆಗಿದ್ದರು. ಹೀಗೆ ಮೈಸೂರಿನ ಅಂಚೆ ಹುಟ್ಟುವಾಗಲೇ ಎರಡು ಕಣ್ಣುಗಳೊಡನೆ ಹುಟ್ಟಿತು. ಒಂದು ಕಣ್ಣು ದಾರಿಯ ಮೇಲೆ, ಇನ್ನೊಂದು ಪತ್ರ ಬರೆಯುವವರ ಮೇಲೆ. ಈ ಎರಡು ನೋಟಗಳು ಮುಂದೆಯೂ ಪೂರ್ತಿಯಾಗಿ ಬೇರೆಯಾಗಲಿಲ್ಲ.

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಇದೇ ವ್ಯವಸ್ಥೆ ಸೈನ್ಯದ ಅಗತ್ಯಕ್ಕೆ ತಕ್ಕಂತೆ ಬಿಗಿಯಾಯಿತು. 1799ರ ನಂತರ ದಿವಾನ್ ಪೂರ್ಣಯ್ಯನವರು ಅದನ್ನು ಬಕ್ಷಿಯೊಬ್ಬನ ಕೈಕೆಳಗಿನ ಪ್ರತ್ಯೇಕ ಇಲಾಖೆಯಾಗಿ ಉಳಿಸಿಕೊಂಡರು. ಬಕ್ಷಿ ಎಂದರೆ ಇಲಾಖೆಯ ಮುಖ್ಯಾಧಿಕಾರಿ, ಅವನ ಕೆಳಗೆ ಬರವಣಿಗೆಯವರು, ಅವರ ಕೆಳಗೆ ಸುದ್ದಿ ತರುವ ಹರಿಕಾರರು ಮತ್ತು ಚೀಲ ಹೊರುವ ಆಳುಗಳು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋದಾಗಲೂ ಅಂಚೆ, ಕಂದಾಯ, ಪೊಲೀಸ್, ಮರಾಮತ್ತು ಇಲಾಖೆಗಳ ಸಾಲಿನಲ್ಲಿ ಅದು ಸಂಸ್ಥಾನದ್ದೇ ಆಗಿ ಮುಂದುವರಿಯಿತು. ಆ ಕಾಲದ ಹುಣಸೂರು ಬರೀ ತಾಲ್ಲೂಕು ಕೇಂದ್ರವಾಗಿರಲಿಲ್ಲ. ಚಿಕ್ಕದೇವರಾಜರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ರಾಸುಗಳ ಇಲಾಖೆ, ತೋಪು ಎಳೆಯುವ ಎತ್ತುಗಳನ್ನು ಸೈನ್ಯಕ್ಕೆ ಒದಗಿಸುವ ಕೆಲಸವನ್ನು ಹುಣಸೂರಿನಿಂದ ನಡೆಸುತ್ತಿತ್ತು. ಅದರ ಸುತ್ತ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕೆಲಸ, ಮರದ ದಾಸ್ತಾನು, ಕೊಡಗಿನಿಂದ ಇಳಿದುಬರುವ ಕಾಫಿಯನ್ನು ಹದಗೊಳಿಸುವ ಕೆಲಸ ಬೆಳೆದಿದ್ದವು. ಎಷ್ಟು ಜೋಡಿ ಎತ್ತು ಬೇಕು, ಎಷ್ಟು ಜೊತೆ ಬೂಟು ಸಿದ್ಧವಾಗಿದೆ ಎಂಬ ಕಾಗದಗಳು ಇಲ್ಲಿಂದ ಮೈಸೂರು, ಬೆಂಗಳೂರು, ಮದರಾಸುಗಳಿಗೆ ಹೋಗಿಬರಬೇಕಾಗಿತ್ತು. ವ್ಯವಹಾರದ ಅಂಚೆ ಎಂದು ಇಂದು ಹೇಳುವ ವರ್ಗಕ್ಕೆ ಈ ಸೀಮೆಯಲ್ಲಿ ಹಳೆಯ ಉದಾಹರಣೆ ಬೇಕಾದರೆ ಇದಕ್ಕಿಂತ ತಕ್ಕುದು ಸಿಗಲಾರದು; ತಡವಾದ ಒಂದು ಕಾಗದಕ್ಕೆ ಬೆಲೆ ತೆರಬೇಕಾದವರು ಇದ್ದ ಕಡೆಯಲ್ಲೇ ಕಾವಲೂ ಬಿಗಿಯಾಗುತ್ತದೆ.

ಸರದಿ ಅಂಚೆಯ ಕಾವಲಿನ ಮುಖ್ಯ ಸಾಧನ ಒಂದು ತುಂಡು ಕಾಗದ. ದಾರಿಯನ್ನು ಕೆಲವು ಹರದಾರಿಗಳ ತುಂಡುಗಳಾಗಿ ಹಂಚಿ, ಒಬ್ಬ ಆಳು ತನ್ನ ತುಂಡನ್ನು ಓಡಿ ಮುಗಿಸಿ ಚೀಲವನ್ನು ಮುಂದಿನವನಿಗೆ ಒಪ್ಪಿಸುವುದು ಸರದಿಯ ಕ್ರಮ. ಚೀಲದ ಜೊತೆಗೆ ಹೋಗುವ ದಾರಿಚೀಟಿಯಲ್ಲಿ ಪ್ರತಿ ಕಟ್ಟೆಯ ಬರವಣಿಗೆಯವನು ಚೀಲ ಬಂದ ವೇಳೆಯನ್ನೂ ಹೊರಟ ವೇಳೆಯನ್ನೂ ಗುರುತು ಹಾಕಿ, ಚೀಲದ ಮೊಹರು ನೆಟ್ಟಗಿದೆಯೇ ಎಂದು ನೋಡಿ ಮುಂದಕ್ಕೆ ಬಿಡುತ್ತಿದ್ದ. ಬ್ರಿಟಿಷರ ಅಂಚೆ ಇಲಾಖೆ ಈ ಚೀಟಿಯನ್ನು ಅಚ್ಚು ಹಾಕಿಸಿದ ನಮೂನೆಯಾಗಿ ಮಾಡಿಕೊಂಡಿತು. ಪತ್ರದ ಬೆನ್ನಿನ ಮೇಲೆ ತಲುಪಿದ ಕಚೇರಿಯ ಮೊಹರನ್ನೂ ಒತ್ತುವ ಪದ್ಧತಿಯಿಂದಾಗಿ ಒಂದೊಂದು ಲಕೋಟೆಯೂ ತಾನು ನಡೆದ ದಾರಿಯನ್ನು ಮೈಮೇಲೆ ಬರೆಸಿಕೊಂಡು ಬರುತ್ತಿತ್ತು. ಈ ಪದ್ಧತಿಯ ಜಾಣತನ ಗಮನಿಸಬೇಕಾದದ್ದು. ಮೇಲಧಿಕಾರಿ ದಾರಿಯುದ್ದಕ್ಕೂ ನಿಂತು ಕಾಯಬೇಕಾಗಿಲ್ಲ. ಚೀಲ ತಲುಪಿದ ಮೇಲೆ ಚೀಟಿಯ ಸಾಲುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಯಾವ ಎರಡು ಕಟ್ಟೆಗಳ ನಡುವೆ ಹೊತ್ತು ಸೋರಿಹೋಗಿದೆ ಎಂಬುದು ತಾನಾಗಿ ಹೊರಬೀಳುತ್ತದೆ. ಮಳೆಗಾಲದಲ್ಲಿ ಲಕ್ಷ್ಮಣತೀರ್ಥವೋ ಕಾವೇರಿಯೋ ತುಂಬಿ ದೋಣಿ ನಿಂತಾಗಿನ ವಿಳಂಬವನ್ನೂ, ಆಳು ಹಾದಿಯಲ್ಲಿ ಮರದಡಿ ಮಲಗಿದ ವಿಳಂಬವನ್ನೂ ಚೀಟಿ ಒಂದೇ ಅಂಕೆಯಲ್ಲಿ ತೋರಿಸುತ್ತದೆ ಎಂಬುದು ಅದರ ಕೊರತೆ. ಕಾರಣ ತಿಳಿಯಬೇಕಾದರೆ ಓವರ್‌ಸಿಯರ್ ಎಂಬ ಮೇಲ್ವಿಚಾರಕ ಕಾಲ್ನಡಿಗೆಯಲ್ಲೋ, ಮುಂದೆ ಸೈಕಲ್ಲಿನಲ್ಲೋ ಆ ಜಾಗಕ್ಕೆ ಹೋಗಿ ವಿಚಾರಿಸಬೇಕಾಗಿತ್ತು.

ಅಂಚೆ ಇಲಾಖೆ ಕಾಲಕ್ರಮದಲ್ಲಿ ಬಳಕೆಗೆ ತಂದ ಇನ್ನೆರಡು ಏರ್ಪಾಟುಗಳನ್ನು ಇಲ್ಲಿಯೇ ಹೇಳಬೇಕು. ಮೊದಲನೆಯದು ಪರೀಕ್ಷಾ ಪತ್ರ: ತನಿಖೆಯ ಅಧಿಕಾರಿ ಯಾರಿಗೂ ಹೇಳದೆ ಸಾಮಾನ್ಯರ ಪತ್ರದಂತೆಯೇ ಕಾಣುವ ಒಂದು ಕಾಗದವನ್ನು ಪೆಟ್ಟಿಗೆಗೆ ಹಾಕಿ, ಅದು ವಿಳಾಸಕ್ಕೆ ಎಷ್ಟು ದಿನದಲ್ಲಿ, ಯಾವ ಸ್ಥಿತಿಯಲ್ಲಿ ತಲುಪುತ್ತದೆ ಎಂದು ನೋಡುವುದು. ಎರಡನೆಯದು ಮರಳಿದ ಪತ್ರಗಳ ಕಚೇರಿ: ವಿಳಾಸದಾರ ಸಿಗದ, ಊರು ತಿಳಿಯದ ಕಾಗದಗಳನ್ನು ಅಲ್ಲಿ ಒಡೆದು ನೋಡಿ ಬರೆದವರಿಗೆ ಹಿಂದಿರುಗಿಸಲಾಗುತ್ತಿತ್ತು. ಸಂಸ್ಥಾನದ ಅಂಚೆಯೂ ಬ್ರಿಟಿಷ್ ಇಂಡಿಯಾದ ಅಂಚೆಯೂ ಮೈಸೂರು ನೆಲದ ಮೇಲೆ ಬಹುಕಾಲ ಜೊತೆಜೊತೆಗೇ ನಡೆದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1889ರಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಇಲಾಖೆಯೊಳಗೆ ಸೇರಿಹೋಯಿತು. ತಿರುವಾಂಕೂರಿನ ಅಂಚಲ್ ಸ್ವಾತಂತ್ರ್ಯದ ಆಚೆಗೂ ಉಳಿದು 1951ರಲ್ಲಿ ವಿಲೀನವಾದುದನ್ನು ನೆನೆದರೆ ಮೈಸೂರಿನದು ಬೇಗನೆ ಬಿಟ್ಟುಕೊಟ್ಟ ಹಕ್ಕು. ಇದರಿಂದ ಪತ್ರ ಬರೆಯುವವರಿಗೆ ಅನುಕೂಲವೇ ಆಯಿತು. ಆದರೆ ಕಾವಲಿನ ದೃಷ್ಟಿಯಿಂದ ನೋಡಿದರೆ ಒಂದು ಬದಲಾವಣೆ ಆಯಿತು: ಪಿರಿಯಾಪಟ್ಟಣದ ಚೀಲ ಏಕೆ ತಡವಾಯಿತು ಎಂದು ಕೇಳುವ ಅಧಿಕಾರ ಅದುವರೆಗೆ ಮೈಸೂರಿನೊಳಗೇ ಇತ್ತು, ಆಮೇಲೆ ಅದು ಸಂಸ್ಥಾನದ ಗಡಿಯಾಚೆಯ ಇಲಾಖೆಯೊಂದರ ಮೆಟ್ಟಿಲುಗಳನ್ನು ಏರಿಹೋಯಿತು.

ತಂತಿಯ ಕಾಲಕ್ಕೆ ಬಂದಾಗ ತಪಾಸಣೆ ಮೊದಲ ಬಾರಿಗೆ ಅಳತೆಯ ಶಾಸ್ತ್ರವಾಯಿತು. ಭಾರತದಲ್ಲಿ ವಿಲಿಯಂ ಓ'ಶಾಗ್ನೆಸಿ ಕಟ್ಟಿದ ತಂತಿಜಾಲ 1855ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಮೇಲೆ, ಸಾವಿರಾರು ಮೈಲಿ ತಂತಿಯನ್ನು ಕೆಡದಂತೆ ನೋಡಿಕೊಳ್ಳುವುದು ಹೊಸ ತಂತಿ ಎಳೆಯುವುದಕ್ಕಿಂತ ಕಷ್ಟದ ಕೆಲಸವೆಂದು ಇಲಾಖೆಗೆ ಬೇಗನೆ ಅರಿವಾಯಿತು. ಇಲಾಖೆಯ ವಿದ್ಯುತ್ ತಜ್ಞನಾಗಿದ್ದ ಲೂಯಿಸ್ ಶ್ವೆಂಡ್ಲರ್, 1882ರಲ್ಲಿ ತೀರಿಕೊಳ್ಳುವ ಮುನ್ನ, ತಂತಿಗಳನ್ನು ಪರೀಕ್ಷಿಸುವ ವಿಧಾನಗಳ ಬಗ್ಗೆ ಸಿಬ್ಬಂದಿಗಾಗಿ ವಿವರವಾದ ಕೈಪಿಡಿಯನ್ನೇ ಬರೆದ. ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ತಂತಿಯ ರೋಧವನ್ನು, ಎಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆಯನ್ನು, ಅಳೆದು ಪುಸ್ತಕದಲ್ಲಿ ಬರೆದಿಡುವುದು ಇದರ ತಿರುಳು. ತಂತಿ ಕಡಿದುಹೋದರೆ ಹರಿವು ನಿಲ್ಲುತ್ತದೆ. ಒದ್ದೆ ಕೊಂಬೆಯೋ ಒಡೆದ ಪಿಂಗಾಣಿ ಬಟ್ಟಲೋ ತಂತಿಯನ್ನು ನೆಲಕ್ಕೆ ತಾಗಿಸಿದರೆ ಹರಿವು ಭೂಮಿಗೆ ಸೋರುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಒಂದರ ಮಾತು ಇನ್ನೊಂದರಲ್ಲಿ ಕೇಳಿಸುತ್ತದೆ. ಈ ಮೂರು ಕೇಡುಗಳಿಗೂ ಅಳತೆ ಬೇರೆಬೇರೆಯಾಗಿ ಬರುವುದರಿಂದ, ಕಚೇರಿಯಲ್ಲಿ ಕುಳಿತವನು ಕೆಟ್ಟದ್ದು ಏನು ಎಂಬುದನ್ನೂ, ಲೆಕ್ಕ ಹಾಕಿ ಸುಮಾರು ಎಷ್ಟು ಮೈಲಿ ದೂರದಲ್ಲಿ ಎಂಬುದನ್ನೂ ಹೇಳಿ ಲೈನ್‌ಮನ್ನನನ್ನು ಕಳುಹಿಸಬಹುದಾಗಿತ್ತು. ದಾರಿಚೀಟಿ ಚೀಲ ಬಂದ ಮೇಲೆ ಮಾತ್ರ ಮಾತನಾಡುತ್ತಿತ್ತು. ಈ ಅಳತೆ ಸಂದೇಶ ಹೊರಡುವ ಮುಂಚೆಯೇ ದಾರಿಯ ಸ್ಥಿತಿಯನ್ನು ಹೇಳಿತು. ಪ್ರತಿದಿನದ ಅಳತೆ ನಿನ್ನೆಯದಕ್ಕಿಂತ ಕೊಂಚ ಕೊಂಚವೇ ಇಳಿಯುತ್ತಿದ್ದರೆ ತಂತಿ ಇನ್ನೂ ಕೆಟ್ಟಿಲ್ಲವಾದರೂ ಕೆಡಲಿದೆ ಎಂಬ ಮುನ್ಸೂಚನೆ ಸಿಗುತ್ತಿತ್ತು. ತಂತಿಸೇವೆ 2013ರ ಜುಲೈ 14ರ ರಾತ್ರಿ ಕೊನೆಗೊಂಡಿತು, ಆದರೆ ಮುಂಚಿತವಾಗಿ ಅಳೆಯುವ ಅಭ್ಯಾಸ ಅದಾಗಲೇ ಬೇರೆ ಯಂತ್ರಗಳಿಗೆ ದಾಟಿಹೋಗಿತ್ತು.

ವಿಳಾಸದ ಪ್ರಶ್ನೆಯೂ ಇದೇ ಚರಿತ್ರೆಗೆ ಸೇರಿದ್ದು, ಅದಕ್ಕೆ ಈ ಸೀಮೆಯಲ್ಲೇ ಒಳ್ಳೆಯ ನಿದರ್ಶನವಿದೆ. ಕಾವೇರಿಯ ದಡದ ಎಡತೊರೆ, ಅರ್ಕೇಶ್ವರನ ಗುಡಿಯ ಎಡತೊರೆ, ಹೊಳೆಯ ನೆರೆಗೆ ಮತ್ತೆ ಮತ್ತೆ ಸಿಕ್ಕಿದ ಊರು. 1924ರ ದೊಡ್ಡ ಪ್ರವಾಹದ ನಂತರದ ವರ್ಷಗಳಲ್ಲಿ ಎತ್ತರದ ನೆಲದಲ್ಲಿ ಹೊಸ ಪಟ್ಟಣ ಎದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕೃಷ್ಣರಾಜನಗರವಾಯಿತು. ಊರು ಹೀಗೆ ಹೆಸರನ್ನೂ ಜಾಗವನ್ನೂ ಬದಲಾಯಿಸಿದಾಗ ಹಳೆಯ ವಿಳಾಸ ಬರೆದ ಕಾಗದ ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ವಿಂಗಡಣೆ ಮಾಡುವವನ ನೆನಪು. ಇಮೇಲ್ ಲೋಕದಲ್ಲಿ ಈ ನೆನಪಿನ ಕೆಲಸವನ್ನು ಡೊಮೈನ್ ಹೆಸರಿನ ಪಟ್ಟಿ ಮಾಡುತ್ತದೆ. ಇಂಥ ಸಂಸ್ಥೆಯ ಪತ್ರಗಳನ್ನು ಇಂಥ ಯಂತ್ರಕ್ಕೆ ಒಪ್ಪಿಸಿ ಎಂಬ ಒಂದು ಸಾಲು ಅದರಲ್ಲಿರುತ್ತದೆ. ಆ ಸಾಲು ತಪ್ಪಿದರೆ, ಅಥವಾ ಹೆಸರಿನ ವಾರ್ಷಿಕ ಶುಲ್ಕ ಕಟ್ಟಲು ಮರೆತು ಹೆಸರೇ ಕೈತಪ್ಪಿದರೆ, ಸರ್ವರ್ ಎಷ್ಟೇ ಗಟ್ಟಿಯಾಗಿದ್ದರೂ ಅದು ನೀರಿನಡಿಯ ಎಡತೊರೆಯಾಗುತ್ತದೆ. ಪತ್ರವ್ಯವಹಾರ ನಿಂತುಹೋದ ಎಷ್ಟೋ ಪ್ರಸಂಗಗಳಲ್ಲಿ ಕೊನೆಗೆ ಕಂಡುಬರುವ ಕಾರಣ ಇಂಥ ಕ್ಷುಲ್ಲಕವಾದದ್ದೇ ಆಗಿರುತ್ತದೆ.

ಭಾರತದಲ್ಲಿ ಇಮೇಲ್ ಮೊದಲು ವ್ಯಾಪಾರದ ಕೈಗೆ ಸಿಕ್ಕದ್ದಲ್ಲ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನೊಡನೆ ಆರಂಭಿಸಿದ ಅರ್ನೆಟ್ ಎಂಬ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳಿದ್ದವು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು ವಿಎಸ್‌ಎನ್‌ಎಲ್ ಮೂಲಕ 1995ರ ಆಗಸ್ಟ್ 15ರಂದು. ಆದರೆ ಅಷ್ಟರೊಳಗೆ ಇಮೇಲ್‌ನ ಕಟ್ಟುಪಾಡುಗಳು ಗಟ್ಟಿಯಾಗಿದ್ದವು. ಒಂದು ಸರ್ವರ್ ಇನ್ನೊಂದಕ್ಕೆ ಪತ್ರ ಒಪ್ಪಿಸುವಾಗ ಆಡಬೇಕಾದ ಮಾತುಗಳ ಒಪ್ಪಂದವನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಆ ಒಪ್ಪಂದದ ಪ್ರಕಾರ ದಾರಿಯಲ್ಲಿ ಪತ್ರವನ್ನು ಕೈಗೆತ್ತಿಕೊಂಡ ಪ್ರತಿಯೊಂದು ಯಂತ್ರವೂ ತನ್ನ ಹೆಸರು, ಯಾರಿಂದ ಪಡೆದದ್ದು, ಯಾವ ದಿನ, ಎಷ್ಟು ಗಂಟೆ ಎಂಬುದನ್ನು ಪತ್ರದ ತಲೆಯ ಮೇಲೆ ಒಂದು ಸಾಲಾಗಿ ಸೇರಿಸಬೇಕು. ಓದುಗರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಈ ಸಾಲುಗಳನ್ನು ತೆರೆದು ಕೆಳಗಿನಿಂದ ಮೇಲಕ್ಕೆ ಓದಿದರೆ, ಮೈಸೂರಿನ ಯಾವುದೋ ಕಟ್ಟೆಯ ಬರವಣಿಗೆಯವನು ತುಂಬಿದ ದಾರಿಚೀಟಿಯನ್ನೇ ಓದಿದಂತಾಗುತ್ತದೆ. ಹತ್ತು ನಿಮಿಷ ಎಲ್ಲಿ ಕಳೆದುಹೋಯಿತು ಎಂದು ಪತ್ತೆ ಮಾಡುವ ವಿಧಾನವೂ ಅದೇ. ಅದೇ ವರ್ಷದ ಇನ್ನೊಂದು ನಿಯಮ ಇನ್ನೂ ಕುತೂಹಲದ್ದು: ಪತ್ರ ಸ್ವೀಕರಿಸುವ ಪ್ರತಿಯೊಂದು ತಾಣದಲ್ಲೂ ಪೋಸ್ಟ್‌ಮಾಸ್ಟರ್ ಎಂಬ ಹೆಸರಿನ ಒಂದು ವಿಳಾಸ ಇರಲೇಬೇಕು, ದೂರುಗಳು ಅಲ್ಲಿಗೆ ಬರಬೇಕು, ಅದನ್ನು ಒಬ್ಬ ಮನುಷ್ಯ ಓದಬೇಕು. ಅಂಚೆ ಬಕ್ಷಿಯ ಗಾದಿ ಹೀಗೆ ಯಂತ್ರದೊಳಗೂ ಉಳಿಯಿತು, ಅದರ ಮೇಲೆ ಕುಳಿತವರು ಎಲ್ಲೆಡೆಯೂ ದೂರುಗಳನ್ನು ಓದುತ್ತಾರೆ ಎಂದು ಹೇಳಲಾಗದಿದ್ದರೂ.

ತಪಾಸಣೆಯ ಸಲಕರಣೆಗಳೂ ಇದೇ ಕಾಲದವು. ಅಮೆರಿಕದ ಬರ್ಕ್ಲಿಯಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶವನ್ನು ಬರೆದ ಎರಿಕ್ ಆಲ್ಮನ್, ಅದು ಮಾಡುವ ಪ್ರತಿಯೊಂದು ಕೆಲಸವನ್ನೂ ವೇಳೆಯೊಡನೆ ಬರೆದಿಡಲು ಸಿಸ್‌ಲಾಗ್ ಎಂಬ ದಿನಚರಿ ವ್ಯವಸ್ಥೆಯನ್ನು ರೂಪಿಸಿದರು; ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳು ಬರೆಯುವ ದಿನಚರಿಗೆ ಮೂಲವಾದ ಆ ಪದ್ಧತಿ ಹುಟ್ಟಿದ್ದು ಅಂಚೆಯ ಕಾವಲಿಗಾಗಿಯೇ. 1983ರ ಡಿಸೆಂಬರ್‌ನಲ್ಲಿ ಮೈಕ್ ಮ್ಯೂಸ್ ಬರೆದ ಪಿಂಗ್ ಎಂಬ ಪುಟ್ಟ ಕಾರ್ಯಕ್ರಮ ದೂರದ ಯಂತ್ರಕ್ಕೆ ಒಂದು ಹನಿ ಸಂಕೇತ ಕಳುಹಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತದೆ; ಆ ಸಂಕೇತದಲ್ಲಿ ಬೇರೆ ವಿಷಯವೇನೂ ಇರುವುದಿಲ್ಲ. ಕನ್ನಡದ ಹಳೆಯ ಓಲೆಗಳು ಉಭಯ ಕುಶಲೋಪರಿ ಎಂದು ಆರಂಭವಾಗಿ, ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು ಎಂದು ಮುಗಿಯುತ್ತಿದ್ದವು. ನಡುವೆ ಹೇಳಲು ಏನೂ ಇಲ್ಲದಿದ್ದರೂ ಅಂಥ ಓಲೆಗಳು ಹೋಗುತ್ತಿದ್ದವು, ಏಕೆಂದರೆ ಬಾರದಿರುವುದೇ ಅಲ್ಲಿ ಸುದ್ದಿ. ಪಿಂಗ್ ಆ ಓಲೆಯ ತಲೆಕಟ್ಟು ಮಾತ್ರ. ಆದರೆ ಯಂತ್ರ ಉಸಿರಾಡುತ್ತಿದೆ ಎಂದ ಮಾತ್ರಕ್ಕೆ ಪತ್ರ ಹೋಗುತ್ತಿದೆ ಎಂದಾಗುವುದಿಲ್ಲವಾದ್ದರಿಂದ, ಬಲ್ಲ ನಿರ್ವಾಹಕರು ಕೆಲವು ನಿಮಿಷಗಳಿಗೊಮ್ಮೆ ಒಂದು ನಿಜವಾದ ಪತ್ರವನ್ನೇ ಹೊರಗಿನ ವಿಳಾಸಕ್ಕೆ ಕಳುಹಿಸಿ ಅದು ಮರಳಿ ಬರುವುದನ್ನು ಕಾಯುತ್ತಾರೆ. ಅಂಚೆ ಇಲಾಖೆಯ ಪರೀಕ್ಷಾ ಪತ್ರವನ್ನು ಯಂತ್ರಕ್ಕೆ ಒಪ್ಪಿಸಿದರೆ ಆಗುವುದು ಇಷ್ಟೇ. 1999ರಲ್ಲಿ ಹೊರಬಂದು ಮುಂದೆ ನಾಗಿಯೋಸ್ ಎಂದು ಹೆಸರಾದ ಕಾವಲು ತಂತ್ರಾಂಶ ಇಂಥ ಹತ್ತಾರು ಪರೀಕ್ಷೆಗಳನ್ನು ಒಂದೇ ಪಟ್ಟಿಯಲ್ಲಿ ತಂದಿತು.

ಆ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಸರತಿ. ಮುಂದಿನ ಸರ್ವರ್ ಪತ್ರವನ್ನು ಸ್ವೀಕರಿಸದಿದ್ದರೆ ಕಳುಹಿಸುವ ಸರ್ವರ್ ಅದನ್ನು ಎಸೆಯುವುದಿಲ್ಲ. ಹೊಳೆ ಇಳಿಯಲಿ ಎಂದು ದಡದಲ್ಲಿ ಕುಳಿತ ಅಂಚೆಯಾಳಿನಂತೆ ಸರತಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 1989ರಲ್ಲಿ ಪ್ರಕಟವಾದ ಇಂಟರ್‌ನೆಟ್ ನಿಯಮಾವಳಿ ಕೈಚೆಲ್ಲುವ ಮುನ್ನ ಕನಿಷ್ಠ ನಾಲ್ಕೈದು ದಿನ ಪ್ರಯತ್ನಿಸಬೇಕೆಂದು ಸಲಹೆ ಮಾಡಿತು. ಇದು ಉದಾರವಾದ ನಿಯಮ, ಅಷ್ಟೇ ಮೋಸದ್ದೂ ಹೌದು. ಏಕೆಂದರೆ ಕಳುಹಿಸಿದವನಿಗೆ ಪತ್ರ ಹೋಯಿತೆಂಬ ಭಾವನೆ, ಪಡೆಯಬೇಕಾದವನಿಗೆ ಪತ್ರ ಇದೆಯೆಂಬುದೇ ತಿಳಿಯದು, ನಡುವೆ ಸರತಿ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಸರತಿಯ ಉದ್ದವನ್ನು ಗಂಟೆಗಂಟೆಗೂ ಬರೆದಿಟ್ಟರೆ ಅದು ತಂತಿಯ ಬೆಳಗಿನ ಅಳತೆಯಂತೆ ಮುನ್ಸೂಚನೆ ಕೊಡುತ್ತದೆ. ಉಳಿದವು ಸಾಮಾನ್ಯ ಜಾಗ್ರತೆಯ ವಿಷಯಗಳು: ಪತ್ರಗಳನ್ನಿಡುವ ಡಿಸ್ಕ್ ತುಂಬಿದೆಯೇ, ಗುಟ್ಟು ಕಾಯುವ ಪ್ರಮಾಣಪತ್ರದ ಅವಧಿ ಮುಗಿಯುತ್ತಿದೆಯೇ, ಪ್ರತಿದಿನದ ನಕಲು ನಿಜವಾಗಿ ಬಳಸಲು ಬರುವಂತಿದೆಯೇ. 1997ರ ಸುಮಾರಿಗೆ ಪಾಲ್ ವಿಕ್ಸಿ ಮೊದಲಾದವರು ಬೇಡದ ಜಾಹೀರಾತು ಪತ್ರಗಳನ್ನು ಕಳುಹಿಸುವ ಯಂತ್ರಗಳ ಕಪ್ಪುಪಟ್ಟಿ ಮಾಡಲಾರಂಭಿಸಿದ ಮೇಲೆ ಇನ್ನೊಂದು ಚಿಂತೆಯೂ ಸೇರಿಕೊಂಡಿತು. ಕಚೇರಿಯ ಒಂದು ಗಣಕಕ್ಕೆ ಸೋಂಕು ತಗುಲಿ ಅದು ಕಸದ ಪತ್ರಗಳನ್ನು ಉಗುಳಿದರೆ ಇಡೀ ಸಂಸ್ಥೆಯ ಪತ್ರಗಳಿಗೆ ಹೊರಗಿನ ಬಾಗಿಲುಗಳು ಮುಚ್ಚುತ್ತವೆ. ಆಗ ಸರ್ವರ್‌ಗೆ ಕಾಯಿಲೆ ಏನೂ ಇಲ್ಲ, ಊರವರು ಹಾಕಿದ ಬಹಿಷ್ಕಾರ ಮಾತ್ರ ಇದೆ.

ಚಿಕ್ಕದೇವರಾಜರ ಅಂಚೆಯ ಎರಡನೆಯ ಕಣ್ಣು ಇಮೇಲ್‌ನಲ್ಲಿ ಹೇಗೆ ತೆರೆದಿರುತ್ತದೆ ಎಂಬುದಕ್ಕೆ ಜಗತ್ತು ಬಲ್ಲ ಒಂದು ಪ್ರಕರಣ ಪಿರಿಯಾಪಟ್ಟಣ ತಾಲ್ಲೂಕಿನೊಡನೆ ದೂರದ ನಂಟು ಹೊಂದಿದೆ. ಈ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರಲ್ಲಿ, ಮೈಸೂರು ರಾಜ್ಯ ಕೊಟ್ಟ ಜಮೀನಿನ ಮೇಲೆ, ಟಿಬೆಟ್ಟಿನ ನಿರಾಶ್ರಿತರ ನೆಲೆ ಆರಂಭವಾಯಿತು. ಸೆರಾ ಮಠವೂ ಇಲ್ಲಿ ಮರುಹುಟ್ಟು ಪಡೆಯಿತು. ಭಾರತದ ಹಲವು ರಾಜ್ಯಗಳಲ್ಲೂ ಹೊರದೇಶಗಳಲ್ಲೂ ಚದುರಿಹೋದ ಈ ಸಮುದಾಯಕ್ಕೆ ಇಮೇಲ್ ಬಹು ದೊಡ್ಡ ಅನುಕೂಲವಾಗಿತ್ತು. 2008ರಲ್ಲಿ ಧರ್ಮಶಾಲೆಯ ದಲೈ ಲಾಮಾ ಅವರ ಕಚೇರಿಯ ಗಣಕಗಳ ಬಗ್ಗೆ ಅನುಮಾನ ಬಂದು ತನಿಖೆ ನಡೆದು, 2009ರ ಮಾರ್ಚ್‌ನಲ್ಲಿ ಎರಡು ವರದಿಗಳು ಹೊರಬಂದವು. ಒಂದನ್ನು ಶಿಶಿರ್ ನಾಗರಾಜ ಮತ್ತು ಕೇಂಬ್ರಿಜ್‌ನ ರಾಸ್ ಆಂಡರ್ಸನ್ ಬರೆದರು, ಕೆನಡಾದ ಸಂಶೋಧಕರ ಇನ್ನೊಂದು ವರದಿ ಘೋಸ್ಟ್‌ನೆಟ್ ಎಂದು ಹೆಸರಿಟ್ಟ ಗೂಢಚಾರ ಜಾಲವೊಂದು 103 ದೇಶಗಳ 1,295 ಗಣಕಗಳಿಗೆ ಹಬ್ಬಿರುವುದನ್ನು ತೋರಿಸಿತು. ಗೊತ್ತಿದ್ದವರಿಂದ ಬಂದಂತೆ ಕಾಣುವ ಪತ್ರ, ಅದಕ್ಕೆ ಲಗತ್ತಿಸಿದ ಒಂದು ಕಡತ, ಅದನ್ನು ತೆರೆದೊಡನೆ ಒಳಗೆ ಸೇರುವ ಕಣ್ಣು: ದಾಳಿಯ ವಿಧಾನ ಇಷ್ಟು ಸರಳ. ಈ ಪ್ರಕರಣದಲ್ಲಿ ಪತ್ರಗಳು ಹೊತ್ತಿಗೆ ಸರಿಯಾಗಿ ಹೋಗುತ್ತಲೂ ಬರುತ್ತಲೂ ಇದ್ದವು ಎಂಬುದನ್ನು ಮರೆಯಬಾರದು. ವೇಳೆಯನ್ನಷ್ಟೇ ನೋಡುವ ತಪಾಸಣೆಗೆ ಇಂಥ ಕೇಡು ಕಾಣುವುದಿಲ್ಲ. ಯಾರು, ಎಲ್ಲಿಂದ, ಯಾವ ಅಪವೇಳೆಯಲ್ಲಿ ಒಳಗೆ ಬಂದರು ಎಂಬ ದಿನಚರಿಯ ಸಾಲುಗಳನ್ನು ಓದುವವನಿಗೆ ಮಾತ್ರ ಅದು ಕಾಣುತ್ತದೆ. ಹಳೆಯ ಅಂಚೆಯಲ್ಲಿ ಚೀಲದ ಮೊಹರನ್ನು ನೋಡದೆ ಗಡಿಯಾರವನ್ನು ಮಾತ್ರ ನೋಡಿದಂತೆ ಅದು.

ಈ ನಾಲ್ಕು ತಾಲ್ಲೂಕುಗಳ ಸಾಮಾನ್ಯ ಜನ ಸರ್ವರ್ ಎಂಬ ಪದವನ್ನು ಕಲಿತದ್ದು ಇಮೇಲ್‌ನಿಂದಲ್ಲ. 2000ದ ನಂತರ ಭೂಮಿ ಯೋಜನೆಯ ಮೂಲಕ ಪಹಣಿ ತಾಲ್ಲೂಕು ಕಚೇರಿಯ ಗಣಕಕ್ಕೆ ಹೋದಾಗ, ಮುಂದೆ ನಾಡಕಚೇರಿಯ ಜಾತಿ ಆದಾಯ ಪತ್ರಗಳೂ ಪಡಿತರ ಅಂಗಡಿಯ ಬೆರಳಚ್ಚೂ ಜಾಲಕ್ಕೆ ಸೇರಿದಾಗ, ಸರ್ವರ್ ಇಲ್ಲ, ಸರ್ವರ್ ಡೌನ್ ಎಂಬ ಮಾತುಗಳು ಕನ್ನಡದ ಆಡುಮಾತಿನೊಳಗೆ ಬಂದುಕುಳಿತವು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪು ಬೆಳೆಗಾರರಿಗೆ ಇದರ ಇನ್ನೊಂದು ಮುಖ ಪರಿಚಿತ. 1976ರಲ್ಲಿ ಗುಂಟೂರನ್ನು ಕೇಂದ್ರವಾಗಿಟ್ಟುಕೊಂಡು ಕೆಲಸ ಆರಂಭಿಸಿದ ತಂಬಾಕು ಮಂಡಳಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ತಂದಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಹರಾಜು ಮಾರುಕಟ್ಟೆಗಳಲ್ಲಿ ಕೂಗಿ ನಡೆಯುತ್ತಿದ್ದ ಹರಾಜು ಮುಂದೆ ಕೈಯಲ್ಲಿ ಹಿಡಿಯುವ ಯಂತ್ರಗಳ ಮೂಲಕ ನಡೆಯುವ ಎಲೆಕ್ಟ್ರಾನಿಕ್ ಹರಾಜಾಯಿತು. ಬ್ಯಾರನ್ನಿನಲ್ಲಿ ಹದಗೊಂಡು ಬೇಲ್ ಕಟ್ಟಿ ಬಂದ ಸೊಪ್ಪು ಸಾಲಾಗಿ ಕುಳಿತಿರುವಾಗ ಜಾಲ ನಿಂತರೆ ಕಾಯುವುದು ಬೆಳೆಗಾರನ ಪಾಲಿಗೆ ಬರುತ್ತದೆ. ಯಾವ ಕೊಂಡಿ ಕಳಚಿತು, ಎಷ್ಟು ಹೊತ್ತಿಗೆ ಕಳಚಿತು ಎಂಬ ದಿನಚರಿ ಅವನ ಕೈಗೆ ಬರುವುದಿಲ್ಲ. ಅಂಚೆ ಬಂದಿಲ್ಲ ಎಂದಷ್ಟೇ ಕೇಳಿ ಮನೆಗೆ ಹೋಗುತ್ತಿದ್ದವನಿಗೂ ದಾರಿಚೀಟಿಯನ್ನು ಯಾರೂ ತೋರಿಸುತ್ತಿರಲಿಲ್ಲ. ಬಂದ ವೇಳೆ, ಹೊರಟ ವೇಳೆಗಳ ದಾಖಲೆಯನ್ನು ಮೂರು ಶತಮಾನಗಳ ಕಾಲ ಮೇಲಿನವರೇ ಓದುತ್ತ ಬಂದಿದ್ದಾರೆ ಎಂಬುದು ಈ ಚರಿತ್ರೆಯಲ್ಲಿ ಹೆಚ್ಚು ಬದಲಾಗದ ಸಂಗತಿ.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕೃಷ್ಣರಾಜನಗರದ ಅಕ್ಕಿ ಗಿರಣಿಯಿಂದ ಹಿಡಿದು ಹೆಗ್ಗಡದೇವನಕೋಟೆಯ ಗೊಬ್ಬರದ ಅಂಗಡಿಯವರೆಗೆ ನೋಂದಣಿಗೆ ಇಮೇಲ್ ವಿಳಾಸ ಕಡ್ಡಾಯವಾಯಿತು. ಸಣ್ಣ ಊರುಗಳ ಎಷ್ಟೋ ವ್ಯಾಪಾರಿಗಳು ಆಡಿಟರ್ ಕಚೇರಿಯ ವಿಳಾಸವನ್ನೇ ಕೊಟ್ಟು ಸುಮ್ಮನಾದರು. ಹಳೆಯ ಕಾಲದಲ್ಲಿ ಶ್ಯಾನುಭೋಗರ ಮನೆಗೆ ಕಾಗದ ಬರುವಂತೆ ಬರೆಸುತ್ತಿದ್ದುದರ ಹೊಸ ರೂಪವಿದು. ತಮ್ಮದೇ ಹೆಸರಿನ ಇಮೇಲ್ ಇಟ್ಟುಕೊಂಡ ದೊಡ್ಡ ಸಂಸ್ಥೆಗಳೂ ಇಂದು ಸ್ವಂತ ಸರ್ವರ್ ನಡೆಸುವುದು ಕಡಿಮೆ, ಅದನ್ನು ದೂರದ ಕಂಪನಿಗಳಿಗೆ ವಹಿಸಿ ಬಾಡಿಗೆ ಕಟ್ಟುತ್ತವೆ. ಆದರೆ ಬಾಡಿಗೆಯ ಸರ್ವರ್‌ನ ಮೇಲೂ ಪರೀಕ್ಷಾ ಪತ್ರ ಕಳುಹಿಸಿ ಕಾಯುವ ಕೆಲಸ ತಪ್ಪಿಲ್ಲ. ಆ ಕೆಲಸದಲ್ಲಿ ನಿರ್ವಾಹಕರು ಪಾಲಿಸುವ ಒಂದು ಕಟ್ಟುನಿಟ್ಟು ಹಳೆಯ ತಂತಿ ಕಚೇರಿಯವರಿಗೂ ಗೊತ್ತಿತ್ತು. ಸರ್ವರ್ ಕೆಟ್ಟಿದೆ ಎಂಬ ಎಚ್ಚರಿಕೆಯನ್ನು ಅದೇ ಸರ್ವರ್‌ನಿಂದ ಇಮೇಲ್ ಮೂಲಕ ಕಳುಹಿಸುವಂತೆ ಇಟ್ಟರೆ, ಆ ಎಚ್ಚರಿಕೆಯೂ ಸರತಿಯಲ್ಲೇ ಕುಳಿತಿರುತ್ತದೆ. ಆದ್ದರಿಂದ ಅದು ಮೊಬೈಲ್ ಸಂದೇಶವಾಗಿಯೋ ಕರೆಯಾಗಿಯೋ ಬೇರೆ ದಾರಿಯಲ್ಲಿ ಹೋಗಬೇಕು. ಕಾಡಂಚಿನ ದಾರಿಯಲ್ಲಿ ತಂತಿ ಕಡಿದುಬಿದ್ದಾಗ ಲೈನ್‌ಮನ್ನನಿಗೆ ಆ ಸುದ್ದಿಯನ್ನು ತಂತಿಯಲ್ಲಿ ಕಳುಹಿಸಲು ಸಾಧ್ಯವಿರಲಿಲ್ಲ. ಕಡಿದ ತುದಿಯ ಗುರುತು ಬರೆದ ಚೀಟಿಯನ್ನು ಹಿಡಿದು ಒಬ್ಬ ಆಳು ಮುಂದಿನ ಕಚೇರಿಯವರೆಗೆ ನಡೆದೇ ಹೋಗಬೇಕಾಗಿತ್ತು.